ಥೋರಾಳ ಕಡೆಯ ನೆಲ

ಅಮೆರಿಕದ ಡಕೋಟಾದ ಈ ಬಯಲಲ್ಲಿ ಸರ್ಕಾರದ ಜಮೀನು ನಮ್ಮದಾಗಬೇಕಾದರೆ ಅದರ ಮೇಲೆಯೇ ಮನೆ ಕಟ್ಟಿ ವರ್ಷಗಟ್ಟಲೆ ಬಾಳಬೇಕು. ನಾನೂ ಗೆಳತಿ ಥೋರಾಳೂ ನಮ್ಮಿಬ್ಬರ ಜಮೀನಿನ ಗಡಿಯ ಮೇಲೆ ಒಂದೇ ಹಲಗೆಮನೆ ಕಟ್ಟಿ, ಅವಳ ಮಂಚ ಅವಳ ನೆಲದಲ್ಲಿ, ನನ್ನದು ನನ್ನ ನೆಲದಲ್ಲಿ ಹಾಕಿಕೊಂಡೆವು. ನಿದ್ದೆಯಲ್ಲಿ ಕಾಲು ಗಡಿ ದಾಟಿದರೂ ಎಳೆದುಕೊಳ್ಳುವಷ್ಟು ಕಟ್ಟುನಿಟ್ಟು ಅವಳದು.

ಹೋದ ಚಳಿಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ಆಮೇಲೆ ಶುರುವಾಯಿತು ಕಾಟ. ಬೆಳಿಗ್ಗೆ ಅವಳ ಹಾಸಿಗೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ನನ್ನ ಕಡೆ ಇಟ್ಟ ಕಾಫಿ ಪಾತ್ರೆ ಅವಳ ಕಡೆ ಇರುತ್ತಿತ್ತು. "ಸತ್ತ ಮೇಲಾದ್ರೂ ಸುಮ್ನಿರೇ ಮಹರಾಯ್ತಿ!" ಎಂದು ಬೈದು ಬೈದು ನನ್ನ ಗಂಟಲು ಒಣಗಿತು.

ಈ ವರ್ಷ ಜಮೀನು ಕಚೇರಿಯಲ್ಲಿ, ನಾನು ಆ ಮನೆಯಲ್ಲೇ ಬಾಳುತ್ತಿದ್ದೇನೆಂದು ಸಾಕ್ಷಿ ಹೇಳಲು ಬಂದ ನೆರೆಮನೆಯ ಹಾಕೊನ್, "ಇಬ್ರೂ ಅಲ್ಲೇ ಇದಾರೆ ಸ್ವಾಮಿ" ಅಂದುಬಿಟ್ಟ. ಅವನನ್ನು ಹೊರಗೆ ಎಳೆತಂದೆ.

"ಅವಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ನೀನೇ ಅಲ್ವೇನೋ!"

"ಕೊಟ್ಟಿದ್ದು ಹೌದು ರಾಗ್ನಕ್ಕ. ಇವತ್ತು ಬೆಳಿಗ್ಗೆ ನಿಮ್ಮನ್ನ ಕರೆಯೋಕೆ ಬಂದಾಗ ನೀವು ಬಾವಿ ಹತ್ರ ಇದ್ರಿ, ಬಾಗಿಲು ತೆಗೆದಿದ್ದು ಅವರೇ. ಬೈಬಲ್ ಮುಟ್ಟಿ ಸುಳ್ಳು ಹೇಳ್ಲಾ?"

ಅಂತೂ ಜಮೀನು ನನ್ನದಾಯಿತು. ಅವಳ ಸಹವಾಸ ಸಾಕೆಂದು ಮರುದಿನವೇ ಎತ್ತು ಕಟ್ಟಿ, ಮನೆಯನ್ನು ದಿಮ್ಮಿಗಳ ಮೇಲೆ ಜಾರಿಸಿ ಇಡಿಯಾಗಿ ನನ್ನ ನೆಲಕ್ಕೆ ಎಳೆಸಿದೆ. ಅವಳ ಮಂಚ ಒಡೆದು ಒಲೆಗೆ ಹಾಕಿದೆ.

ಅಂದು ರಾತ್ರಿ ಮೊಣಕಾಲೆತ್ತರ ಹಿಮ ಬಿತ್ತು. ಬೆಳಿಗ್ಗೆ ನೋಡಿದರೆ ಗಡಿಯಾಚೆ, ಅವಳ ಮಂಚವಿದ್ದ ಜಾಗದಲ್ಲಿ, ಒಂದಾಳುದ್ದದ ನೆಲ ಮಾತ್ರ ಒಣಗಿತ್ತು. ಅಂಗೈ ಇಟ್ಟೆ. ಬೆಚ್ಚಗಿತ್ತು.