ಒಂಬತ್ತು ಸೊನ್ನೆ

ಒಂಬತ್ತು ಪ್ರಶ್ನೆ, ಒಂಬತ್ತು ಸೊನ್ನೆ. ಬರೆದವಳು ನಾನೇ.

ಮೆದುಳಿನ ಗೆಡ್ಡೆಯ ಆಪರೇಷನ್ ಆದ ಮೇಲೆ ನನ್ನ ಗಂಡನ ಬಲಗೈ ಪೆನ್ನು ಹಿಡಿಯುತ್ತಿರಲಿಲ್ಲ. ಕಳೆದ ಸಲ ಆಸ್ಪತ್ರೆಯ ಫಾರಂ ನಾನೇ ಓದಿದ್ದೆ. ಮನಸ್ಸು ಕುಗ್ಗಿದೆಯೆ, ಹಸಿವು ಕಮ್ಮಿಯಾಗಿದೆಯೆ, ಬದುಕು ಬೇಡವೆನಿಸಿದೆಯೆ? ಇಲ್ಲ ಎಂದರೆ ಸೊನ್ನೆ, ದಿನಾ ಎಂದರೆ ಮೂರು. ಅವನು ನನ್ನ ಮುಖ ನೋಡಿ ನಗುತ್ತ ಎಲ್ಲಕ್ಕೂ ಇಲ್ಲ ಎಂದಿದ್ದ.

ಇವತ್ತು ಡಾಕ್ಟರಮ್ಮ ಆ ಫಾರಂ ಪಕ್ಕ ರಕ್ತದ ರಿಪೋರ್ಟ್ ಇಟ್ಟರು. ಉರಿಯೂತದ ಅಂಶ ಮೂರು ಸಲದ ಪರೀಕ್ಷೆಯಲ್ಲೂ ಏರಿದೆ, ಸೋಂಕೇನೂ ಸಿಗಲಿಲ್ಲ, ಇಂಥವರಲ್ಲಿ ಕೆಲವರಿಗೆ ಖಿನ್ನತೆಯೂ ಇರುತ್ತದೆ ಎಂದರು. ರಕ್ತವೊಂದನ್ನೇ ನೋಡಿ ಹೇಳಲಾಗದು, ಅದಕ್ಕೇ ಈ ಪ್ರಶ್ನೆಗಳು, ಇವನ್ನು ಕೇಳಿದ್ದು ಯಾರು ಎಂದರು. ನಾನು ಎಂದೆ. ಅವರು ಹೊಸ ಫಾರಂ ಕೊಟ್ಟರು. ಎರಡು ಅಂಟಿಕೊಂಡು ಬಂದವು.

ಹೊರಗಿನ ಬೆಂಚಿನ ಮೇಲೆ ಕೂತಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನನ್ನ ಕೈಲೇ ಸುಳ್ಳು ಬರೆಸಿದ್ಯಲ್ಲ."

"ಬದುಕು ಬೇಡ ಅನ್ಸಿದ್ಯಾ ಅಂತ ಹೆಂಡ್ತಿನೇ ಕೇಳಿದ್ರೆ ಏನನ್ಲಿ?"

"ಇದ್ದದ್ದು ಅನ್ನು. ಸೂಜಿ ಚುಚ್ಚಿದೋರ ಹತ್ರ ನಿನ್ನ ರಕ್ತ ಬಾಯಿ ಬಿಡುತ್ತೆ, ನನ್ನ ಹತ್ರ ನೀನು ಬಿಡಲ್ಲ."

ಅವನು ಟೈಲರ್. ಮದುವೆಗೆ ಮುಂಚೆ ಅಂಗಡಿಗೆ ಹೋದ ನನ್ನ ಅಳತೆಯನ್ನು ಟೇಪು ಮುಟ್ಟದೆ ಕಣ್ಣಲ್ಲೇ ಹೇಳಿ ಬೈಸಿಕೊಂಡಿದ್ದ. ಅಳತೆ ಸರಿಯಾಗಿತ್ತು, ನನ್ನ ಸಿಟ್ಟು ಹೆಚ್ಚಿದ್ದೇ ಅದಕ್ಕೆ. ಈಗ ಅದೇ ಕಣ್ಣು ನನ್ನ ಭುಜದ ಮೇಲೆ ನಿಂತಿತು. ಎರಡನೇ ಫಾರಂ ಎಳೆದುಕೊಂಡ.

"ಹಸಿವು ಕಮ್ಮಿಯಾಗಿದ್ಯಾ?"

"ನನ್ನ ಯಾಕೆ ಕೇಳ್ತೀಯ? ಇಲ್ಲ."

"ರವಿಕೆ ಭುಜದ ಹೊಲಿಗೆ ತೋಳಿಗೆ ಜಾರಿದೆ. ಹೊಲಿದೋನು ನಾನು. ಎರಡಿಂಚು ಇಳಿದಿದ್ದೀಯ, ಕಳ್ಳಿ. ನನಗೆ ರಿಪೋರ್ಟ್ ಬೇಕಾಗಿಲ್ಲ."

ಅಳು ಬಂತು. ಅದೂ ಸಿಟ್ಟಿನದೇ. ಅವನು ಎಡಗೈಯಲ್ಲಿ ಪೆನ್ನು ಹಿಡಿದು ನನ್ನ ಹಸಿವಿನ ಮುಂದೆ ಮೂರು ಬರೆದ. ಅದು ತುಳಿದ ಹುಳದ ಹಾಗಿತ್ತು. ಪೆನ್ನು ನನಗೆ ಕೊಟ್ಟ.

"ಈಗ ನಂದು. ಕೊನೇದರಿಂದ ಕೇಳು."

ಕೊನೆಯದೇ ಬದುಕಿನ ಪ್ರಶ್ನೆ. ಓದಿದೆ. ಈ ಸಲ ಅವನು ನಗಲಿಲ್ಲ.

"ದಿನಾ," ಎಂದ.

ಅವನಿಗೆ ಹೊಡೆಯಬೇಕೆನಿಸಿತು. ಸೋತ ಆ ಬಲಗೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡು ಮೂರು ಬರೆದೆ. ಉಳಿದ ಎಂಟಕ್ಕೆ ಕಾಯದೆ ಅವನನ್ನು ಎಬ್ಬಿಸಿ ಡಾಕ್ಟರಮ್ಮನ ಬಾಗಿಲು ತಟ್ಟಿದೆ. ಕೈ ಬಿಡು, ಎಲ್ಲರೂ ನೋಡ್ತಿದಾರೆ ಎಂದ.

ನೋಡಲಿ.