ಅಕ್ಕ ಒತ್ತಿ ಹಿಡಿದ ಬಟನ್

ಸರ್ಕಾರದ ಷರತ್ತು ಒಂದೇ. ಹಳ್ಳಿಯ ಮಾತು ಪಟ್ಟಣದ ಕಚೇರಿಗೆ ಕೇಳಬೇಕು, ಕಚೇರಿಯ ಉತ್ತರ ಹಳ್ಳಿಗೆ ಮುಟ್ಟಬೇಕು. ಇವತ್ತು ಸಂಜೆಯೊಳಗೆ ಅದಾದರೆ ತುರ್ತು ರೇಡಿಯೋಗಳಿಗೆ ಅನುದಾನ. ಇಲ್ಲದಿದ್ದರೆ ಪ್ರಯೋಗಕ್ಕೆ ಕೊಟ್ಟ ಸೆಟ್ಟುಗಳೂ ವಾಪಸ್.

ನಡುವೆ ಬೆಟ್ಟ ಅಡ್ಡ ನಿಂತಿತ್ತು. ಅದರ ನೆತ್ತಿಯಲ್ಲಿ ರಿಲೇ ಪೆಟ್ಟಿಗೆ ಕೂರಿಸಿದರೆ ಮಾತ್ರ ಮಾತು ಆಚೆ ದಾಟುತ್ತದೆ. ರೇಡಿಯೋ ಮೆಕ್ಯಾನಿಕ್ ಹೊರಟ. ದಾರಿ ತೋರಿಸಲು ಒಬ್ಬ ಕುರಿಗಾಹಿ, ಬ್ಯಾಟರಿ ಹೊರಲು ಅವನ ಹೇಸರಗತ್ತೆ. ಕೆಳಗೆ ಔಷಧಿ ಕೋಣೆಯಲ್ಲಿ ಸೆಟ್ಟಿನ ಮುಂದೆ ಒಂಟಿಯಾಗಿ ಕೂತವಳು ಮೆಕ್ಯಾನಿಕ್‌ನ ಅಕ್ಕ. ಹೋದ ಚಳಿಗಾಲ ಭಾವ ತೀರಿಕೊಂಡ ಮೇಲೆ ಅವಳು ಮಾತೇ ಕಡಿಮೆ ಮಾಡಿದ್ದಳು. ರೇಡಿಯೋ ಬೇಕೆಂದು ಕಚೇರಿಯವರ ಬೆನ್ನು ಹತ್ತಿದ್ದು ಮಾತ್ರ ಅವಳೇ.

ಮರಗಳು ಮುಗಿದವು, ಹುಲ್ಲೂ ಮುಗಿಯಿತು. ಮುಂದೆ ಬರೀ ಬೂದು ಕಲ್ಲು, ಅದರ ಮೇಲೆ ನಿಲ್ಲದ ಗಾಳಿ. ತಿರುಗಿ ನೋಡಿದರೆ ಹಳ್ಳಿ ಯಾರೋ ಮರೆತು ಹೋದ ಬೆಂಕಿಪೊಟ್ಟಣಗಳ ಹಾಗೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಮೆಕ್ಯಾನಿಕ್‌ನ ತಲೆ ತಿನ್ನುತ್ತಿದ್ದ ಕುರಿಗಾಹಿ ಈಗ ಕಾಲಿಡುವ ಕಲ್ಲನ್ನಷ್ಟೇ ನೋಡುತ್ತಿದ್ದ.

ಸಡಿಲ ಕಲ್ಲಿನ ಇಳಿಜಾರಿನಲ್ಲಿ ಹೇಸರಗತ್ತೆ ಜಾರಿತು.

"ಹಗ್ಗ ಎಳಿ!"

ಇಬ್ಬರೂ ಅಂಗಾತ ಬಿದ್ದು ಹಿಮ್ಮಡಿ ಊರಿ ಎಳೆದರು. ಪ್ರಾಣಿ ಉಳಿಯಿತು, ಬ್ಯಾಟರಿಯೂ ಉಳಿಯಿತು. ಆಂಟೆನಾ ನಿಲ್ಲಿಸುವ ಕಂಬ ಮಾತ್ರ ಕೊರಕಲಿಗೆ ಬಿತ್ತು.

"ಈಗ ಏನ್ ಮಾಡ್ತೀಯಾ?"

"ನೀನೇ ಕಂಬ," ಅಂದ ಮೆಕ್ಯಾನಿಕ್.

ನೆತ್ತಿಯಲ್ಲಿ ಕುರಿಗಾಹಿ ಗೊಣಗುತ್ತಲೇ ಆಂಟೆನಾ ಎತ್ತಿ ಹಿಡಿದು ನಿಂತ. ರಿಲೇಯ ದೀಪ ಹತ್ತಿತು. ಕೈಸೆಟ್ಟಿನಲ್ಲಿ ಅಕ್ಕನ ದನಿ ಬಂತು.

"ಹಲೋ, ಕೇಳಿಸ್ತಿದ್ಯಾ? ಯಾರಾದ್ರೂ ಮಾತಾಡಿ."

ಮಾತಾಡುವಂತಿರಲಿಲ್ಲ. ಅವಳು ಬಟನ್ ಬಿಟ್ಟಿರಲಿಲ್ಲ. ಅದನ್ನು ಬಿಡುವ ತನಕ ಅವಳಿಗೆ ಯಾರ ದನಿಯೂ ಕೇಳದು. ಹಳ್ಳಿಯ ಅಂಗಡಿಯ ಹಳೆ ಫೋನಿನಲ್ಲಿ ತುಂಡಾದ ತಂತಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ಮಾತಾಡಬೇಕಿತ್ತು, ಬಿಟ್ಟರೆ ಕಟ್ಟಾಗುತ್ತಿತ್ತು. ಇಡೀ ಊರಿನ ಕೈಗೆ ಅದೇ ಅಭ್ಯಾಸ.

"ಬಿಡೋಕೆ ಹೇಳು ಮಾರಾಯ, ನನ್ನ ತೋಳು ಬಿದ್ದುಹೋಗ್ತಿದೆ."

"ಬಿಟ್ರೆ ತಾನೇ ಹೇಳೋದು?"

ಬಿಸಿಲು ಕೆಂಪಾಗತೊಡಗಿತು. ಕಚೇರಿ ಮುಚ್ಚುವ ಹೊತ್ತು.

"ಯಾರೂ ಇಲ್ಲ ಅನ್ಸುತ್ತೆ," ಅಂದಳು ಅಕ್ಕ. ದನಿ ಸಣ್ಣಗಾಗಿತ್ತು. "ಅವತ್ತು ಡಾಕ್ಟರು ಫೋನಿಗೆ ಸಿಕ್ಕಿದ್ರು. ಅಂಗಡಿಯೊಳಗೆ ಮಲಗಿಸಿದ್ದ ಇವರು ಕೂಗಿದ್ರು ಅಂತ ನಾನು ಬೆರಳು ತೆಗೆದೆ. ಮತ್ತೆ ಲೈನ್ ಸಿಗ್ಲೇ ಇಲ್ಲ. ಯಾರಿಗೂ ಹೇಳಿಲ್ಲ ಇದನ್ನ."

ಕುರಿಗಾಹಿ ಮುಖ ತಿರುಗಿಸಿಕೊಂಡ. ಮೆಕ್ಯಾನಿಕ್ ಕೈಸೆಟ್ಟನ್ನು ಕಿವಿಗೆ ಒತ್ತಿಕೊಂಡ.

ಅಕ್ಕ ಬಿಕ್ಕಿದಳು. ಕಣ್ಣೊರೆಸಲು ಕೈ ಎತ್ತಿರಬೇಕು. ದನಿ ಪಟ್ಟನೆ ನಿಂತಿತು.

"ಅಕ್ಕಾ, ನಾನಿದೀನಿ. ಬಟನ್ ಮುಟ್ಬೇಡ, ಕೇಳಿಸ್ಕೋ."

ಹಿಂದೆಯೇ ಪಟ್ಟಣದ ಅಧಿಕಾರಿಯ ದನಿ ಬಂತು. "ಅಮ್ಮಾ, ಕಚೇರಿಯಿಂದ ಮಾತಾಡ್ತಿದೀನಿ. ನಿಮ್ಮ ಮಾತು ಪೂರ್ತಿ ಕೇಳಿಸ್ತು." "ನಂಗೂ ಕೇಳಿಸ್ತು ಸಾರ್," ಅಂದ ಅಕ್ಕ ಈ ಸಲ ತಡವಾಗಿಯಾದರೂ ಬೆರಳು ತೆಗೆದಳು. "ಅನುದಾನಕ್ಕೆ ಬರೀತೀನಿ," ಅಂದ ಅಧಿಕಾರಿ.

ನಿಧಾನವಾಗಿ ಕಲ್ಲು ಪೇರಿಸಿ ಅದರ ನಡುವೆ ಆಂಟೆನಾ ಬಿಗಿದು ಅವರು ಕೆಳಗಿಳಿದಾಗ ಕತ್ತಲಾಗಿತ್ತು. ಇಬ್ಬರ ಅಂಗೈಯೂ ಸುಲಿದಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಾ ಕೇಳಿಸ್ಕೊಂಡ್ಯಾ?"

"ಹೂಂ. ಇನ್ಮೇಲೆ ಮಾತು ಮುಗಿದ ತಕ್ಷಣ ಬೆರಳು ತೆಗಿ ಅಕ್ಕ."

"ತೆಗೆದ್ರೆ ಆ ಕಡೆಯವರು ಹೋಗ್ಬಿಡ್ತಾರೆ ಅನ್ಸುತ್ತೆ ಕಣೋ."

"ತೆಗೆದ್ರೇನೇ ಅವರು ಬರೋದು," ಅಂದ ತಮ್ಮ.