ಬುಧವಾರದ ಬಾಟಲಿ

ವಚನಾ ತಡವಾಗಿ ಬಂದಳು. ಹೆಲ್ಮೆಟ್ ತೆಗೆದು, ಹಣೆಗೆ ಅಂಟಿದ ಕೂದಲನ್ನು ಮಣಿಕಟ್ಟಿನಿಂದ ಸರಿಸಿ, ನನ್ನ ಲೆಮನ್ ಟೀ ಲೋಟದೊಳಗೆ ಇಣುಕಿದಳು.

"ಎಷ್ಟು ಡ್ರಾಪ್ ಹಾಕಿದಾರೆ ಇದಕ್ಕೆ?"

ನಮ್ಮಿಬ್ಬರ ಹಳೆಯ ತಮಾಷೆ ಅದು. ಸಮುದ್ರದ ನೀರಿನಲ್ಲಿರುವ ಪ್ಲಾಂಕ್ಟನ್ ಎಂಬ ಸಣ್ಣ ತೇಲುಜೀವಿಗಳು ಹಾಳಾಗದೆ ಲ್ಯಾಬ್ ತಲುಪಬೇಕಾದರೆ, ಬಾಟಲಿ ತುಂಬಿದ ಕೂಡಲೇ ಅಯೋಡಿನ್ ಹನಿಗಳನ್ನು ಬಿಡಬೇಕು. ನೀರು ಹಾಲಿಲ್ಲದ ಟೀ ಬಣ್ಣಕ್ಕೆ ತಿರುಗಬೇಕು. ಮಾರೇನಹಳ್ಳಿಯ ಈ ದರ್ಶಿನಿಯಲ್ಲಿ ಅವಳು ಪ್ರತಿ ಸಲವೂ ಹೀಗೆ ಕೇಳುತ್ತಾಳೆ. ನಾನು ಪ್ರತಿ ಸಲವೂ ನಗುತ್ತೇನೆ. ಇವತ್ತು ನಗು ಬರಲಿಲ್ಲ.

ಸ್ಪೈರಲ್ ಹಾಕಿಸಿದ ಥೀಸಿಸ್ ಡ್ರಾಫ್ಟನ್ನು ಅವಳು ಮೇಜಿನ ಮೇಲಿಟ್ಟಳು.

"ಮೂರು ಗಂಟೆಗೆ ಯೋಗಾನಂದ ಸರ್ ಕೈಗೆ ಕೊಡ್ಬೇಕು. ಅದಕ್ಕೂ ಮೊದ್ಲು ಈ ಪೇಜ್ ನೀನು ನೋಡು."

ಯೋಗಾನಂದ ಸರ್ ಅವಳ ಗೈಡ್. ಪುಟ ಕೃತಜ್ಞತೆಯದು. ಇಡೀ ಇಂಗ್ಲಿಷ್ ಥೀಸಿಸ್‌ನಲ್ಲಿ ಒಂದೇ ಒಂದು ಸಾಲು ಕನ್ನಡದಲ್ಲಿತ್ತು: ಒಂದೊಂದು ಎಳೆಯನ್ನೂ ತಪ್ಪದೆ ಎಣಿಸಿದ ಶ್ರೀಶೈಲನ ಕಣ್ಣುಗಳಿಗೆ.

"ಏನೋ, ನಾಚ್ಕೊಂಡ್ಯಾ? ಕಿವಿ ನೋಡು, ಹೆಂಗ್ ಕೆಂಪಾಗಿದೆ."

ಎಂಟು ತಿಂಗಳಿಂದ ನಾಚಿಕೆ ನನ್ನೊಳಗೇ ಇತ್ತು. ಆ ಸಾಲು ಓದಿದ ಮೇಲೆ ಅದಕ್ಕೆ ಒಳಗೆ ಜಾಗ ಸಾಲಲಿಲ್ಲ.

ಮಾರ್ಚ್‌ನಲ್ಲಿ ನಾವಿಬ್ಬರೂ ಕಾರವಾರಕ್ಕೆ ಹೋಗಿದ್ದೆವು. ಅವಳದು ಸಂಶೋಧನೆ. ನಾನು ಎಂ.ಎಸ್ಸಿ. ಮುಗಿಸಿ ಅದೇ ಲ್ಯಾಬಿನಲ್ಲಿ ಸ್ಯಾಂಪಲ್ ಎಣಿಸುವ ಕೆಲಸಕ್ಕೆ ಸೇರಿದವನು. ಬಾಗಲಕೋಟೆಯ ಕಡೆಯವನು, ಅಲ್ಲಿಯವರೆಗೆ ಸಮುದ್ರ ಕಂಡವನಲ್ಲ. ಬೇಸಿಗೆಯಲ್ಲಿ ನೀರು ಬೆಚ್ಚಗಾಗಿ, ಗಾಳಿ ಬಿದ್ದು, ಕಡಲು ಕದಲದೆ ಮಲಗಿದಾಗ ಟ್ರೈಕೋಡೆಸ್ಮಿಯಂ ಎಂಬ, ನೂಲಿನ ಎಳೆಯಂಥ ಪ್ಲಾಂಕ್ಟನ್ ಒಮ್ಮೆಲೇ ಹೆಚ್ಚಿ ಮೇಲೆ ತೇಲುತ್ತದೆ. ಅದೇ ಬ್ಲೂಮ್. ಸೋಮವಾರ, ಮಂಗಳವಾರ ನೀರಿನ ಮೇಲೆ ಯಾರೋ ಮರ ಕೊಯ್ದ ಹೊಟ್ಟನ್ನು ಮೈಲುದ್ದ ಚೆಲ್ಲಿದಂತಿತ್ತು.

ಬುಧವಾರ ಗಾಳಿ ಎದ್ದಿತು. ಅಲೆಗಳು ಆ ಹೊಟ್ಟನ್ನು ಕಲಕಿ ಒಳಗೆಳೆದುಕೊಂಡವು. ಕಣ್ಣಿಗೆ ಏನೂ ಉಳಿಯಲಿಲ್ಲ. ದೋಣಿ ಹೊಯ್ದಾಡಿ ವಚನಾಳಿಗೆ ವಾಂತಿಯಾಯಿತು. ಅವಳು ನನ್ನ ತೋಳು ಹಿಡಿದುಕೊಂಡಳು. ಉಪ್ಪುನೀರು ಒಣಗಿ ಅವಳ ರೆಪ್ಪೆಗಳ ತುದಿ ಬೆಳ್ಳಗಾಗಿತ್ತು.

"ಮಾತಾಡ್ಬೇಡ. ಹಿಂಗೇ ನಿಂತ್ಕೊ."

ನಿಂತೆ. ಹಾಗೇ ನಿಂತು ಬಾಟಲಿಗೆ ಮುಚ್ಚಳ ತಿರುಗಿಸಿ ಪೆಟ್ಟಿಗೆಯಲ್ಲಿಟ್ಟೆ. ಅಯೋಡಿನ್ ಹಾಕಲಿಲ್ಲ.

ಶುಕ್ರವಾರ ಲ್ಯಾಬಿನಲ್ಲಿ ಪೆಟ್ಟಿಗೆ ತೆರೆದರೆ ಎರಡು ಬಾಟಲಿ ಟೀ ಬಣ್ಣ, ಒಂದು ಬರೀ ನೀರು. ಹಾಗೇ ಬಿಟ್ಟರೆ ಆ ಎಳೆಗಳು ಎರಡು ದಿನ ಬಾಳುವುದಿಲ್ಲ, ಕರಗಿಹೋಗುತ್ತವೆ. ಬಾಗಿಲ ಕಡೆ ಒಮ್ಮೆ ನೋಡಿ, ಆಗ ಹನಿ ಬಿಟ್ಟೆ. ಬಣ್ಣ ಬಂತು. ಮೈಕ್ರೋಸ್ಕೋಪಿನ ಕೆಳಗೆ ಮಂಗಳವಾರದ್ದು ಆರುನೂರು ಎಳೆ, ಬುಧವಾರದ್ದು ನಾಲ್ಕು. ಕಂಡದ್ದು ನಾಲ್ಕೇ, ಬರೆದದ್ದೂ ನಾಲ್ಕೇ, ಇದರಲ್ಲಿ ಸುಳ್ಳೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ವಚನಾ ಆ ನಾಲ್ಕರ ಮುಂದೆ ಕುಳಿತುಬಿಟ್ಟಳು. ಒಂದೇ ದಿನದಲ್ಲಿ ಇಡೀ ಬ್ಲೂಮ್ ಹೇಗೆ ಸತ್ತಿತು? ನೀರಿನ ಉಪ್ಪು, ಬಿಸಿ, ಆಕ್ಸಿಜನ್ ಎಲ್ಲವನ್ನೂ ಕೆದಕಿದಳು; ಆ ಹುಡುಕಾಟವೇ ಥೀಸಿಸ್‌ನ ನಾಲ್ಕನೇ ಚಾಪ್ಟರ್ ಆಯಿತು. ಬಸವೇಶ್ವರನಗರದ ಮನೆಯಿಂದ ದಿನಾ ಸಂಜೆ ಫೋನ್ ಮಾಡಿ, "ಯಾಕ್ ಸತ್ತಿರ್ಬಹುದು ಹೇಳೋ" ಎನ್ನುತ್ತಿದ್ದಳು. ನಾನು ಏನೋ ಒಂದು ಕಾರಣ ಊಹಿಸುತ್ತಿದ್ದೆ. ನಾಳೆ ಅವಳು ಅದು ಸರಿಯಿಲ್ಲ ಎಂದು ಹೇಳಲು ಮತ್ತೆ ಫೋನ್ ಮಾಡುತ್ತಾಳಲ್ಲ.

ಮೇಜಿನ ಮೇಲಿದ್ದ ಡ್ರಾಫ್ಟನ್ನು ಅವಳ ಕಡೆ ಸರಿಸಿ, "ನಾಲ್ಕನೇ ಚಾಪ್ಟರ್ ತೆಗೆದುಬಿಡು" ಎಂದೆ.

"ಯಾಕೆ, ಬೋರಾ?"

"ಬ್ಲೂಮ್ ಸಮುದ್ರದಾಗ ಸತ್ತಿಲ್ಲ. ಬಾಟಲ್ಯಾಗ ಸತ್ತದ."

ತಳಮಳವಾದಾಗ ನನಗೆ ಊರಿನ ಮಾತೇ ಬರುತ್ತದೆ. ಅದನ್ನು ಅಣಕಿಸಲು ಅವಳು ತುಟಿ ತೆರೆದಳು. ಅಷ್ಟರಲ್ಲಿ ಅರ್ಥವಾಯಿತು.

"ಅಯೋಡಿನ್ ಹಾಕ್ಲಿಲ್ವಾ?"

"ಇಲ್ಲ. ಲ್ಯಾಬಿಗೆ ಬಂದ್ಮೇಲೆ ಹಾಕ್ದೆ."

"ನಿಂಗ್ಯಾವಾಗ ಗೊತ್ತಾಯ್ತು?"

"ಶುಕ್ರವಾರ."

"ಮೊನ್ನೆ ಶುಕ್ರವಾರನಾ?"

"ಮಾರ್ಚಿಂದು."

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಮೇಜು ಒರೆಸುವವರು ಬಂದು, ನಮ್ಮಿಬ್ಬರ ಮುಖ ನೋಡಿ, ಒರೆಸದೆ ಹೋದರು.

"ಮನೇಲಿ ಗಂಡು ನೋಡ್ತೀವಿ ಅಂದಾಗೆಲ್ಲ ಈ ಚಾಪ್ಟರ್ ಮುಗೀಲಿ ಅಂದೆ" ಎಂದಳು ಕೊನೆಗೆ. "ದಿನಾ ನಿನ್ನನ್ನೇ ಕೇಳ್ತಿದ್ನಲ್ಲೋ, ಯಾಕ್ ಸತ್ತಿತು ಅಂತ."

"ಹೇಳಿದ್ರೆ ನೀನು ಕೇಳೋದು ನಿಂತೋಗ್ತಿತ್ತು."

"ಅವತ್ತು ದೋಣಿಲಿ ಏನ್ ಮಾಡ್ತಿದ್ದೆ?"

"ನಿನ್ನ ನೋಡ್ತಿದ್ದೆ. ಪ್ರೀತಿ ಅಂತ ಅವತ್ತೇ ಗೊತ್ತಾಯ್ತು."

"ಅದನ್ನ ತಂದು ನನ್ ತಲೆಗೆ ಕಟ್ಬೇಡ."

"ಕಟ್ಟಲ್ಲ. ಮರೆತಿದ್ದು ಅದಕ್ಕೆ. ಮುಚ್ಚಿಟ್ಟಿದ್ದು ಹೆದರಿಕೆಗೆ. ಎರಡೂ ನಂದೇ."

ಅವಳು ಪೆನ್ ತೆಗೆದು ಆ ಕನ್ನಡದ ಸಾಲನ್ನು ನಿಧಾನವಾಗಿ ಹೊಡೆದುಹಾಕಿದಳು. ನಾನು ತಲೆ ಎತ್ತಲಿಲ್ಲ.

"ಗಾಡಿ ಹತ್ತು" ಎಂದಳು.

ಬೇರೆ ದಿನ ಅವಳ ಹೆಗಲ ಮೇಲೆ ಎರಡು ಬೆರಳಿಡುತ್ತಿದ್ದವನು, ಇವತ್ತು ನಾಗರಬಾವಿಯ ಲ್ಯಾಬ್ ತನಕ ಹಿಂದಿನ ಕಂಬಿ ಹಿಡಿದು ಕುಳಿತಿದ್ದೆ.

ಲ್ಯಾಬಿನಲ್ಲಿ ಅವಳು ದೋಣಿಯಲ್ಲಿ ತುಂಬಿದ್ದ ಬುಧವಾರದ ಸ್ಯಾಂಪಲ್ ಫಾರಂ ಹುಡುಕಿ ನನ್ನ ಮುಂದಿಟ್ಟಳು. ಅಯೋಡಿನ್ ಎಂಬ ಕಾಲಂನಲ್ಲಿ ಸೊಟ್ಟಗೆ ಒಂದು ಟಿಕ್. ಅವಳದೇ ಕೈಯದು.

"ಈ ಟಿಕ್ಕನ್ನ ಅವತ್ತೇ ನೋಡಿದ್ದೆ" ಎಂದೆ. ಎಲ್ಲಕ್ಕಿಂತ ಕಷ್ಟವಾದ ಮಾತು ಇದೇ. "ಯಾರಾದ್ರೂ ಕೇಳಿದ್ರೆ ತೋರಿಸೋಕೆ ಇದೊಂದಿದೆ ಅಂತ ಸಮಾಧಾನ ಮಾಡ್ಕೊಂಡಿದ್ದೆ."

"ಅಂದ್ರೆ ನನ್ ಹೆಸರು ಹೇಳ್ತಿದ್ದೆ."

"ಹೌದು."

ಅವಳು ಫಾರಂ ತನ್ನ ಕಡೆ ತಿರುಗಿಸಿ ಆ ಟಿಕ್ಕಿನ ಮೇಲೆ ಬೆರಳಿಟ್ಟಳು.

"ಬಾಟಲಿ ಬಣ್ಣ ನೋಡಿ ಹಾಕ್ಬೇಕಿತ್ತು ಇದನ್ನ. ನೋಡ್ದೇ ಹಾಕಿದೀನಿ."

"ನಿಂಗೆ ಹುಷಾರಿರ್ಲಿಲ್ಲ."

"ವಾಂತಿ ಆಗ್ಲೇ ನಿಂತಿತ್ತು ಕಣೋ." ಅವಳ ಧ್ವನಿ ಸಣ್ಣದಾಯಿತು. "ನಿನ್ ತೋಳು ಬಿಟ್ಟಿರ್ಲಿಲ್ಲ, ಅಷ್ಟೇ."

ಈಗ ಕೆಂಪಾದದ್ದು ಅವಳ ಕಿವಿ. ನೋಡಬಾರದೆಂದು ನಾನು ಫಾರಂ ಮೇಲೆ ಬಗ್ಗಿ ಬರೆದೆ: ಅಯೋಡಿನ್ ಹಾಕಿಲ್ಲ. ಎಣಿಕೆ ರದ್ದು. ಶ್ರೀಶೈಲ. ಅವಳು ತನ್ನ ಟಿಕ್ಕನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕಿದಳು.

ಮೂರಕ್ಕೆ ಐದು ನಿಮಿಷವಿತ್ತು. ಯೋಗಾನಂದ ಸರ್ ಕೋಣೆಯ ಮುಂದೆ ನಿಂತೆವು.

"ನೀನೇ ಹೇಳು. ನಾನ್ ಪಕ್ಕದಲ್ಲಿರ್ತೀನಿ. ಆದ್ರೆ ಪ್ರೀತಿ ಗೀತಿ ಸರ್‌ಗೆ ಹೇಳೋಕ್ ಹೋಗ್ಬೇಡ."

"ಕೆಲ್ಸ ಹೋಗ್ಬಹುದು."

"ಹೋಗ್ಬಹುದು. ಹೋದ್ರೂ ಮಾರ್ಚ್‌ಗೆ ಕಾರವಾರಕ್ಕೆ ಬಾ. ಹೊಸ ಸ್ಯಾಂಪಲ್ ಬೇಕು ನಂಗೆ. ಡ್ರಾಪ್ ನಾನ್ ಹಾಕ್ತೀನಿ. ನೀನು ಬಾಟಲಿ ಹಿಡ್ಕೊಂಡು ನೀರು ನೋಡು. ನನ್ನ ನೋಡ್ಬೇಡ."

"ಆಮೇಲೆ?"

"ಮುಚ್ಚಳ ಹಾಕಿದ್ಮೇಲೆ ನೋಡು."

ಬಾಗಿಲನ್ನು ನಾನೇ ತಟ್ಟಿದೆ.